ವಾಕ್ಯಗಳ ಹರಾಜು

ಒಂಬತ್ತನೇ ತರಗತಿಯ ಯಾವ ಮಗುವಿನ ಇಂಗ್ಲಿಷ್ ನೋಟ್‌ಬುಕ್ ತೆರೆದರೂ ಒಂದು ಟೆನ್ಸ್ ಚಾರ್ಟ್ ಸಿಗುತ್ತದೆ. ಸ್ಕೇಲ್ ಇಟ್ಟು ಎಳೆದ ಗೆರೆಗಳು, ಕೆಂಪು ಪೆನ್ನಿನ ತಲೆಬರಹ, ಕಾಲ ಮೂರು, ಒಂದೊಂದಕ್ಕೆ ನಾಲ್ಕು ಬಗೆ, ಒಟ್ಟು ಹನ್ನೆರಡು ಮನೆ. ಕೇಳಿದರೆ ಉಸಿರು ಬಿಡದೆ ಒಪ್ಪಿಸುತ್ತಾರೆ. ಅದೇ ಮಗುವನ್ನು ನಿನ್ನೆ ಯಾಕೆ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿ ನೋಡಿ, ‘ಐ ಡಿಡ್ ನಾಟ್ ಕೇಮ್’ ಎಂದೇ ಉತ್ತರ ಶುರುವಾಗುತ್ತದೆ. ಚಾರ್ಟ್ ಬಾಯಿಪಾಠವಾಗಿದೆ, ಮಾತಿಗೆ ಒದಗುತ್ತಿಲ್ಲ.

ನಮ್ಮ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಸೇರಿಕೊಂಡಿದೆ. ಅಂದರೆ ಒಂಬತ್ತಕ್ಕೆ ಬರುವ ಹೊತ್ತಿಗೆ ಮಗು ಎಂಟು ವರ್ಷ ಇಂಗ್ಲಿಷ್ ಕೇಳಿರುತ್ತದೆ. ಕೋಲಾರ ಜಿಲ್ಲೆಯಲ್ಲಿ ಈ ಮಾತಿಗೆ ಈಗ ಹೊಟ್ಟೆಪಾಡಿನ ಭಾರವೂ ಕೂಡಿದೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಇಂಟರ್‌ವ್ಯೂನಲ್ಲಿ ಎದುರಾಗುವ ಪ್ರಶ್ನೆಗಳೆಲ್ಲ ಕಾಲದ ಪ್ರಶ್ನೆಗಳೇ. ಏನು ಓದಿದಿರಿ, ಈಗ ಏನು ಮಾಡುತ್ತಿದ್ದೀರಿ, ಮೊದಲು ಎಲ್ಲಾದರೂ ಕೆಲಸ ಮಾಡಿದ್ದೀರಾ. ಇಷ್ಟು ವರ್ಷದ ಕೆಲಸ ಎಂದು ಹೇಳುವ ಉತ್ತರದಲ್ಲಿ ಒಂದು ‘ಹ್ಯಾವ್’ ಬಂದರೆ ಇನ್ನೂ ಅದೇ ಕೆಲಸದಲ್ಲಿದ್ದಾರೆ ಎಂಬ ಅರ್ಥ, ಬಿಟ್ಟುಹೋದರೆ ಆ ಕೆಲಸ ಮುಗಿದಿದೆ ಎಂಬ ಅರ್ಥ. ಎದುರಿಗೆ ಕೂತವರಿಗೆ ಇದು ವ್ಯಾಕರಣದ ಸಂಗತಿಯಾಗಿ ಕಾಣುವುದಿಲ್ಲ, ಕೊಟ್ಟ ಮಾಹಿತಿಯೇ ತಪ್ಪು ಎಂದು ಕಾಣುತ್ತದೆ.

ಆದ್ದರಿಂದ ಪರೀಕ್ಷೆಗೆ ಮುಂಚೆ ಟೆನ್ಸ್ ರಿವಿಷನ್‌ಗೆ ಒಂದು ಆಟ ಆಡಿಸೋಣ ಎಂದು ಮೇಷ್ಟ್ರೊಬ್ಬರಿಗೋ ಮೇಡಮ್ಮಿಗೋ ಅನಿಸಿದರೆ ಅದು ಕಾಲಹರಣವಲ್ಲ. ಆದರೆ ಯಾವ ಆಟ? ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದು: ತರಗತಿಯನ್ನು ಎರಡು ಪಾಲು ಮಾಡುವುದು, ಒಂದು ಕ್ರಿಯಾಪದ ಹೇಳುವುದು, ಯಾರು ಮೊದಲು ಓಡಿ ಬಂದು ಬೋರ್ಡಿನ ಮೇಲೆ ‘ಗೋ, ವೆಂಟ್, ಗಾನ್’ ಬರೆಯುತ್ತಾರೋ ಅವರಿಗೆ ಅಂಕ. ಗಲಾಟೆ ಚೆನ್ನಾಗಿರುತ್ತದೆ. ನಲವತ್ತು ಮಕ್ಕಳಲ್ಲಿ ಓಡುವವರು ನಾಲ್ಕೈದು ಜನ, ಅವರಿಗೆ ಅದು ಮೊದಲೇ ಗೊತ್ತಿತ್ತು. ಉಳಿದವರು ಚಪ್ಪಾಳೆ ತಟ್ಟಿದರು. ಓಡಿದವರಾದರೂ ಆಯ್ಕೆ ಮಾಡಿದ್ದೇನು? ರೂಪ ಬರೆದರು, ಅಷ್ಟೇ. ‘ವೆಂಟ್’ ಎಲ್ಲಿ ಬರಬೇಕು, ‘ಹ್ಯಾಸ್ ಗಾನ್’ ಎಲ್ಲಿ ಬರಬೇಕು ಎಂಬ ಪ್ರಶ್ನೆ ಆ ಆಟದಲ್ಲಿ ಏಳಲೇ ಇಲ್ಲ.

ಟೆನ್ಸ್ ಆಟದ ಯೋಜನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೊಂದೇ. ಎರಡು ಕಾಲಗಳ ನಡುವೆ ಆರಿಸದೆ ಆ ಆಟದಲ್ಲಿ ಗೆಲ್ಲಲು ಆಗಬಾರದು, ಮತ್ತು ಆ ಆಯ್ಕೆಯನ್ನು ತರಗತಿಯ ಪ್ರತಿ ಮಗುವೂ ಮಾಡಲೇಬೇಕು. ಹಾಗಾಗಬೇಕಾದರೆ ಯೋಜನೆ ಶುರುವಾಗಬೇಕಾದ್ದು ಆಟದ ಸಾಮಾನಿನಿಂದಲ್ಲ, ಮಕ್ಕಳ ನೋಟ್‌ಬುಕ್‌ಗಳಿಂದ. ಹಿಂದಿನ ಎರಡು ಮೂರು ಟೆಸ್ಟಿನ ಪತ್ರಿಕೆ ತೆಗೆದು ಕೂತರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ಹನ್ನೆರಡು ಮನೆಗಳಲ್ಲೂ ಮಕ್ಕಳು ಎಡವುತ್ತಿಲ್ಲ. ಎಡವುವ ಜಾಗಗಳು ನಾಲ್ಕೋ ಐದೋ, ಅವೂ ವರ್ಷವರ್ಷವೂ ಅವೇ.

ಕೋಲಾರ ಸೀಮೆಯ ಮಕ್ಕಳು ಎಡವುವ ಆ ಜಾಗಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಅರ್ಧ ತಪ್ಪಿನ ಮೂಲವೂ, ಅದಕ್ಕೆ ಮದ್ದೂ ಮನೆಮಾತಿನಲ್ಲೇ ಇದೆ. ‘ಡಿಡ್ ನಾಟ್ ಕೇಮ್’ ಎಂಬುದನ್ನೇ ತೆಗೆದುಕೊಳ್ಳಿ. ‘ಡಿಡ್’ ಬಂದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಹೋಗಬೇಕು ಎಂದು ಮೇಷ್ಟ್ರು ನೂರು ಸಲ ಹೇಳಿರುತ್ತಾರೆ. ಆದರೆ ಬಂದೆ, ಬರಲಿಲ್ಲ, ತಿಂದೆ, ತಿನ್ನಲಿಲ್ಲ, ಹೋದೆ, ಹೋಗಲಿಲ್ಲ ಎಂದು ಬೋರ್ಡಿನ ಮೇಲೆ ಬರೆದು ಏನು ಕಾಣುತ್ತದೆ ಎಂದು ಕೇಳಿ. ‘ಹೋದಲಿಲ್ಲ’ ಎಂದು ಯಾವ ಮಗುವೂ ಹೇಳುವುದಿಲ್ಲ. ಹೋದ ಎಂಬ ರೂಪ ‘ಇಲ್ಲ’ ಬಂದೊಡನೆ ಹೋಗ ಎಂಬಲ್ಲಿಗೆ ಮರಳುತ್ತದೆ. ‘ವೆಂಟ್’ ‘ಗೋ’ ಆಗುವುದೂ ಹೀಗೆಯೇ. ಈ ನಿಯಮ ಮಗುವಿಗೆ ಮೂರನೇ ವರ್ಷಕ್ಕೇ ಬಂದಿದೆ, ತನಗೆ ಬಂದಿದೆ ಎಂದು ಯಾರೂ ಅದಕ್ಕೆ ತೋರಿಸಿಲ್ಲ.

ಇನ್ನೊಂದು, ‘ಹೋದೆ’ ಮತ್ತು ‘ಹೋಗಿದ್ದೇನೆ’. ಸಿಂಪಲ್ ಪಾಸ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್ ನಡುವಿನ ವ್ಯತ್ಯಾಸ ಇಂಗ್ಲಿಷ್ ಕಲಿಯುವವರಿಗೆ ಲೋಕದಾದ್ಯಂತ ತಲೆನೋವು. ಕನ್ನಡದ ಮಗುವಿಗೆ ಅದು ಹೊಸದಲ್ಲ. ‘ನಿನ್ನೆ ಬರಲಿಲ್ಲ’, ‘ಇನ್ನೂ ಬಂದಿಲ್ಲ’ ಎರಡನ್ನೂ ಅದು ದಿನಾ ಬಳಸುತ್ತದೆ, ಅದಲುಬದಲು ಮಾಡುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಬಹಳ ಮನೆಗಳಲ್ಲಿ ತೆಲುಗು ಮಾತು. ತೆಲುಗಿನಲ್ಲಿ ಈ ಎರಡಕ್ಕೂ ‘ರಾಲೇದು’ ಒಂದೇ. ‘ನಿನ್ನ ರಾಲೇದು’, ‘ಇಂಕಾ ರಾಲೇದು’. ಹೀಗಾಗಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಗುವಿಗೆ ಇಂಗ್ಲಿಷಿನ ಈ ಭೇದವನ್ನು ಕನ್ನಡದ ಮೂಲಕ ತೋರಿಸಿದರೆ ಬೇಗ ಹಿಡಿಯುತ್ತದೆ. ಇಲ್ಲಿ ಕನ್ನಡ ಬಲ್ಲ ಇಂಗ್ಲಿಷ್ ಮೇಷ್ಟ್ರು ಎಂದರೆ ದೊಡ್ಡ ಅನುಕೂಲ. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಿದರೆ ದಂಡ ಎನ್ನುವ ಪದ್ಧತಿ ಈ ಅನುಕೂಲವನ್ನು ಕೈಯಾರೆ ಚೆಲ್ಲುತ್ತದೆ.

ಹಾಗೆಂದು ಮನೆಮಾತು ಯಾವಾಗಲೂ ದಾರಿ ತೋರಿಸುವುದಿಲ್ಲ, ಕೆಲವು ಕಡೆ ಅದೇ ಎಡವಿಸುತ್ತದೆ. ನಾವು ‘ನಿನ್ನೆ ಸಂತೆಗೆ ಹೋಗಿದ್ದೆ’ ಎಂದು ಸಹಜವಾಗಿ ಹೇಳುತ್ತೇವೆ. ಅದೇ ಇಂಗ್ಲಿಷಿಗೆ ಇಳಿದು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್’ ಆಗುತ್ತದೆ. ‘ಹತ್ತು ವರ್ಷದಿಂದ ಇಲ್ಲೇ ಇದ್ದೇವೆ’ ಎಂಬುದು ‘ವಿ ಆರ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಆಗುತ್ತದೆ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ನಮ್ಮಲ್ಲಿ ಒಂದೇ ರೂಪವಾದ್ದರಿಂದ ‘ಟುಮಾರೋ ಐ ಕಮ್’ ಹುಟ್ಟುತ್ತದೆ. ರಿವಿಷನ್ ಆಟಕ್ಕೆ ಬೇಕಾದ ಸರಕು ಇಷ್ಟೇ. ಹನ್ನೆರಡು ಟೆನ್ಸನ್ನೂ ಒಂದೇ ಪೀರಿಯಡ್‌ನಲ್ಲಿ ಆಡಿಸಲು ಹೋದರೆ ಯಾವುದೂ ನಿಲ್ಲುವುದಿಲ್ಲ. ಒಂದು ಆಟಕ್ಕೆ ಎರಡು ತಪ್ಪು, ಹೆಚ್ಚೆಂದರೆ ಮೂರು.

ಇನ್ನು ಆಟ. ಇಂಗ್ಲಿಷ್ ಕಲಿಸುವವರ ನಡುವೆ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಒಂದು ಆಟ ವಾಕ್ಯಗಳ ಹರಾಜು. ಸರಿ ವಾಕ್ಯ, ತಪ್ಪು ವಾಕ್ಯ ಎರಡನ್ನೂ ಬೆರೆಸಿ ಬೋರ್ಡಿನಲ್ಲಿ ಬರೆದು, ಗುಂಪುಗಳಿಗೆ ಆಟದ ದುಡ್ಡು ಕೊಟ್ಟು, ಸರಿ ವಾಕ್ಯಗಳನ್ನು ಮಾತ್ರ ಕೊಳ್ಳಿರಿ ಎನ್ನುವುದು. ಬೇರೆ ಊರಿನ ಮಕ್ಕಳಿಗೆ ಹರಾಜು ಎಂದರೇನು ಎಂದೇ ಮೊದಲು ವಿವರಿಸಬೇಕು. ಕೋಲಾರದ ಮಕ್ಕಳಿಗೆ ಬೇಕಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಬಾಕ್ಸುಗಳ ಸಾಲು, ಸಾಲಿನುದ್ದಕ್ಕೂ ನಡೆಯುತ್ತ ಕೂಗುವ ಹರಾಜಿನವರು, ಕೈಯಲ್ಲಿ ಒಂದು ಹಣ್ಣು ಹಿಚುಕಿ ನೋಡುವ ವ್ಯಾಪಾರಿಗಳು, ಇವೆಲ್ಲ ಅವರು ಕಂಡದ್ದು, ಇಲ್ಲವೇ ಮನೆಯಲ್ಲಿ ಅಪ್ಪ ಬಂದು ಹೇಳಿದ್ದು. 2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿದ ದಿನಗಳು ಈ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಆ ತಿಳಿವಳಿಕೆಯನ್ನು ಇಂಗ್ಲಿಷ್ ಪೀರಿಯಡ್‌ಗೆ ಕರೆದು ತಂದರೆ ಆಟದ ನಿಯಮ ಹೇಳುವುದಕ್ಕೆ ಎರಡು ನಿಮಿಷ ಸಾಕು.

ನಲವತ್ತು ಮಕ್ಕಳಿದ್ದರೆ ಐದೈದು ಜನರ ಎಂಟು ಗುಂಪು, ಅಂದರೆ ಎಂಟು ಮಂಡಿ ಮಾಡಿ. ಮಂಡಿಗೆ ಮಕ್ಕಳೇ ಹೆಸರಿಡಲಿ. ಒಂದೊಂದಕ್ಕೂ 1,000 ರೂಪಾಯಿಯ ಕಾಗದದ ದುಡ್ಡು. ಬೋರ್ಡಿನ ಮೇಲೆ ಹತ್ತು ವಾಕ್ಯ, ಆರು ಸರಿ, ನಾಲ್ಕು ತಪ್ಪು. ಎಷ್ಟು ಸರಿ ಎಷ್ಟು ತಪ್ಪು ಎಂದು ಮಾತ್ರ ಹೇಳಬೇಡಿ. ತಪ್ಪು ವಾಕ್ಯಗಳು ಮಕ್ಕಳ ನೋಟ್‌ಬುಕ್ಕಿನಿಂದಲೇ ಬಂದಿರಲಿ, ಆದರೆ ಯಾರದು ಎಂದು ಸುಳಿವು ಸಿಗದ ಹಾಗೆ ಹೆಸರು, ಊರು ಬದಲಾಯಿಸಿ. ಒಬ್ಬರ ತಪ್ಪು ಇನ್ನೊಬ್ಬರ ನಗೆಗೆ ಸಿಕ್ಕಿತೋ, ಆ ಮಗು ಆ ವರ್ಷ ಇಂಗ್ಲಿಷಿನಲ್ಲಿ ಬಾಯಿ ತೆರೆಯುವುದಿಲ್ಲ.

ಹರಾಜಿಗೆ ಮುಂಚೆ ಮಾಲು ನೋಡುವ ಸಮಯ. ಯಾವ ವ್ಯಾಪಾರಿಯೂ ಬಾಕ್ಸು ನೋಡದೆ ಕೂಗುವುದಿಲ್ಲ. ಪೂರ್ತಿ ಹತ್ತು ನಿಮಿಷ ಕೊಡಿ, ಕಲಿಕೆ ಹೆಚ್ಚಾಗಿ ನಡೆಯುವುದು ಈ ಹತ್ತು ನಿಮಿಷದಲ್ಲೇ. ಪ್ರತಿ ಮಂಡಿಯೂ ಒಂದು ಚೀಟಿಯಲ್ಲಿ ಹತ್ತೂ ವಾಕ್ಯಗಳ ಎದುರು ಸರಿಯೋ ತಪ್ಪೋ ಎಂದು ಗುರುತು ಹಾಕಿ, ಹರಾಜಿಗೆ ಮುಂಚೆ ಅದನ್ನು ಮೇಜಿನ ಮೇಲೆ ತಂದಿಡಬೇಕು. ಸರಿಯಾದ ಪ್ರತಿ ಗುರುತಿಗೂ 50 ರೂಪಾಯಿ ಗಳಿಕೆ. ಹರಾಜಿನಲ್ಲಿ ಜೋರುಬಾಯಿಯವರು ಮುಂದಾದರೂ ಚೀಟಿಯಲ್ಲಿ ಎಲ್ಲ ಮಂಡಿಗೂ ಸಮ ಅವಕಾಶ. ಬರೆಯುವ ಕೆಲಸವನ್ನು ಎರಡೆರಡು ವಾಕ್ಯಕ್ಕೊಬ್ಬರಂತೆ ಹಂಚಿದರೆ ಐದೂ ಜನ ಪೆನ್ನು ಹಿಡಿಯುತ್ತಾರೆ. ಚರ್ಚೆ ಕನ್ನಡದಲ್ಲಿ ಆಗಲಿ, ತೆಲುಗಿನಲ್ಲಿ ಆಗಲಿ, ಉರ್ದುವಿನಲ್ಲಿ ಆಗಲಿ, ತಡೆಯಬೇಡಿ.

ಬೆಲೆಯ ಲೆಕ್ಕ ಇಡುವಾಗ ಒಂದು ಎಚ್ಚರ ಬೇಕು. ಸರಿ ವಾಕ್ಯ ಕೊಂಡವರಿಗೆ ಕೊಟ್ಟ ಬೆಲೆಯ ದುಪ್ಪಟ್ಟು ಎಂದು ನಿಯಮ ಮಾಡಿದರೆ ಎತ್ತರಕ್ಕೆ ಕೂಗಿದವರೇ ಗೆಲ್ಲುತ್ತಾರೆ, ಯೋಚನೆ ಮಾಡಿದವರು ಸೋಲುತ್ತಾರೆ. ಅದರ ಬದಲು ಸರಿ ವಾಕ್ಯಕ್ಕೆ ನಿಗದಿಯಾಗಿ 500, ತಪ್ಪು ವಾಕ್ಯಕ್ಕೆ ಸೊನ್ನೆ ಎಂದಿಡಿ. ಆಗ 600ಕ್ಕೆ ಸರಿ ವಾಕ್ಯ ಕೊಂಡ ಮಂಡಿಗೂ ನಷ್ಟ. ಕೂಗು 100ರಿಂದ ಶುರುವಾಗಿ 50ರಂತೆ ಏರಲಿ. ಒಂದು ಮಂಡಿಗೆ ಎರಡೇ ವಾಕ್ಯ, ಮೂರನೆಯದಕ್ಕೆ ಕೂಗುವಂತಿಲ್ಲ. ಈ ನಿಯಮ ಇಲ್ಲದಿದ್ದರೆ ಜಾಣ ಗುಂಪೊಂದು ಅರ್ಧ ಮಾರುಕಟ್ಟೆ ಬಾಚಿಕೊಳ್ಳುತ್ತದೆ. ಕೊಂಡ ವಾಕ್ಯ ತಪ್ಪಾಗಿದ್ದು, ಅದನ್ನು ಅವರೇ ತಿದ್ದಿ ಯಾಕೆ ತಪ್ಪು ಎಂದು ಹೇಳಿದರೆ 250 ವಾಪಸ್. ಈ 250 ಬಹಳ ಮುಖ್ಯ. ಸೋತ ಗುಂಪೇ ಆ ಹೊತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಕಲಿಯುತ್ತದೆ.

ಹರಾಜು ಕೂಗುವವರು ಮೊದಲ ಎರಡು ವಾಕ್ಯಕ್ಕೆ ಮೇಷ್ಟ್ರೇ ಆಗಲಿ, ಮೂರನೆಯದರಿಂದ ಕೋಲು ಮಕ್ಕಳ ಕೈಗೆ ಹೋಗಲಿ. ಮಂಡಿ ನೋಡಿ ಬೆಳೆದ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಇದ್ದೇ ಇರುತ್ತಾನೆ. ಅವನಿಗೆ ಒಂದೇ ಷರತ್ತು, ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ ಎನ್ನುವ ಮುಂಚೆ ಪ್ರತಿ ಸಲವೂ ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಟೆಕ್ಸ್ಟ್‌ಬುಕ್ ಓದು ಎಂದರೆ ಎದ್ದು ನಿಂತು ತಲೆ ತಗ್ಗಿಸುವ ಹುಡುಗ ಇಲ್ಲಿ ಒಂದೇ ಇಂಗ್ಲಿಷ್ ವಾಕ್ಯವನ್ನು ಮೂರು ಮೂರು ಸಲ ತರಗತಿಗೆಲ್ಲ ಕೇಳುವಂತೆ ಓದುತ್ತಾನೆ.

ಹತ್ತು ವಾಕ್ಯ ಆರಿಸುವುದರಲ್ಲೇ ಮೇಷ್ಟ್ರ ಕಸುಬು ಇರುವುದು. ಬಿಡಿಬಿಡಿ ವಾಕ್ಯಕ್ಕಿಂತ ಜೋಡಿ ವಾಕ್ಯಗಳು ಹೆಚ್ಚು ಕೆಲಸ ಮಾಡುತ್ತವೆ. ‘ಮೈ ಫಾದರ್ ಹ್ಯಾಸ್ ಸೋಲ್ಡ್ ದ ಟೊಮೆಟೋಸ್’ ಎಂಬುದನ್ನು ಮೂರನೆಯ ವಾಕ್ಯವಾಗಿ ಇಡಿ. ಅದೇ ವಾಕ್ಯಕ್ಕೆ ಕೊನೆಯಲ್ಲಿ ‘ಯೆಸ್ಟರ್‌ಡೇ’ ಸೇರಿಸಿ ಏಳನೆಯದಾಗಿ ಇಡಿ. ಒಂದೇ ಪದದ ವ್ಯತ್ಯಾಸ. ಮೊದಲನೆಯದು ಸರಿ, ಎರಡನೆಯದು ತಪ್ಪು. ಮೂರನೆಯದನ್ನು 450ಕ್ಕೆ ಕೊಂಡ ಮಂಡಿ ಏಳನೆಯದಕ್ಕೂ ಅದೇ ಧೈರ್ಯದಲ್ಲಿ ಕೂಗಬಹುದು. ಆಗ ಪಕ್ಕದ ಮಂಡಿಯಲ್ಲಿ ಯಾರೋ ಒಬ್ಬಳು ‘ನಿನ್ನೆ ಮಾರಿದ್ದಾರೆ ಅಂತೀವಾ, ನಿನ್ನೆ ಮಾರಿದರು ಅಂತೀವಾ’ ಎಂದು ಪಿಸುಗುಟ್ಟಿದರೆ ಮೇಷ್ಟ್ರು ಯೋಜನೆಗೆ ಕೊಟ್ಟ ಅರ್ಧ ಗಂಟೆ ಸಾರ್ಥಕ.

ಇದಕ್ಕಿಂತ ಬೆಲೆಬಾಳುವ ಜೋಡಿ ಇನ್ನೊಂದಿದೆ. ‘ವಿ ಹ್ಯಾವ್ ಲಿವ್ಡ್ ಇನ್ ಮಾಲೂರ್ ಫಾರ್ ಟೆನ್ ಇಯರ್ಸ್’ ಮತ್ತು ‘ವಿ ಲಿವ್ಡ್ ಇನ್ ಮಾಲೂರ್ ಫಾರ್ ಟೆನ್ ಇಯರ್ಸ್’. ಮಕ್ಕಳು ಎರಡನೆಯದನ್ನು ಕೊಳ್ಳಲು ಹಿಂಜರಿಯುತ್ತಾರೆ. ‘ಫಾರ್’ ಕಂಡರೆ ‘ಹ್ಯಾವ್’ ಹಾಕು, ‘ಯೆಸ್ಟರ್‌ಡೇ’ ಕಂಡರೆ ಪಾಸ್ಟ್ ಹಾಕು ಎಂದು ಗೈಡುಗಳು ಕಲಿಸಿವೆಯಲ್ಲ. ಎರಡೂ ಸರಿ ವಾಕ್ಯಗಳೇ. ಮೊದಲನೆಯ ಮನೆಯವರು ಈಗಲೂ ಮಾಲೂರಿನಲ್ಲಿದ್ದಾರೆ, ಎರಡನೆಯ ಮನೆಯವರು ಊರು ಬಿಟ್ಟಿದ್ದಾರೆ. ಹತ್ತು ವರ್ಷದಿಂದ ಇದ್ದೇವೆ, ಹತ್ತು ವರ್ಷ ಇದ್ದೆವು. ಸರಿಯೋ ತಪ್ಪೋ ಎಂದು ಬಿಡಿಸಿ ಹೇಳುವಾಗ ಮೇಷ್ಟ್ರು ವ್ಯಾಕರಣದ ಹೆಸರು ಎತ್ತದೆ ‘ಈ ಮನೆಯವರನ್ನು ನೋಡಬೇಕಾದರೆ ಈಗ ಎಲ್ಲಿಗೆ ಹೋಗಬೇಕು?’ ಎಂದು ಕೇಳಿದರೆ ಸಾಕು. ಕಾಲದ ರೂಪವನ್ನು ಗುರುತಿನ ಪದ ತೀರ್ಮಾನಿಸುವುದಿಲ್ಲ, ಹೇಳುವವರು ಹೇಳಬೇಕೆಂದಿರುವ ಸಂಗತಿ ತೀರ್ಮಾನಿಸುತ್ತದೆ. ಇದು ತಿಳಿದ ಮಗುವಿಗೆ ಚಾರ್ಟಿನ ಅರ್ಧದಷ್ಟು ಬಾಯಿಪಾಠ ಬೇಕಾಗುವುದಿಲ್ಲ.

ತಪ್ಪು ವಾಕ್ಯವನ್ನು ಬೋರ್ಡಿನ ಮೇಲೆ ಬರೆದರೆ ಅದೇ ಮನಸ್ಸಿನಲ್ಲಿ ಕೂತುಬಿಡುತ್ತದೆ ಎನ್ನುವವರಿದ್ದಾರೆ. ಕಾಳಜಿ ಒಳ್ಳೆಯದೇ. ಆದರೆ ಆ ತಪ್ಪು ಮನಸ್ಸಿನಲ್ಲಿ ಆಗಲೇ ಕೂತಿದೆ, ನೋಟ್‌ಬುಕ್ಕಿನಿಂದ ತೆಗೆದದ್ದೇ ಅದಕ್ಕೆ ಸಾಕ್ಷಿ. ಪೀರಿಯಡ್ ಮುಗಿಯುವ ಮುಂಚೆ ನಾಲ್ಕೂ ತಪ್ಪನ್ನು ಅಳಿಸಿ, ತಿದ್ದಿದ ರೂಪದಲ್ಲಿ ಬರೆಸಿ, ಹತ್ತೂ ಸರಿ ವಾಕ್ಯಗಳನ್ನು ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲಿ. ಬೋರ್ಡಿನ ಮೇಲೆ ಕೊನೆಗೆ ತಪ್ಪು ಉಳಿಯಬಾರದು, ಅಷ್ಟು ನೋಡಿಕೊಂಡರೆ ಆಯಿತು.

ಹರಾಜು ದೊಡ್ಡ ತರಗತಿಗೆ, ಬರಹಕ್ಕೆ ಒಗ್ಗುವ ಆಟ. ಆರು, ಏಳನೇ ತರಗತಿಗೆ ಬೇರೆ ಬೇಕು. ಶ್ರೀನಿವಾಸಪುರದ ಮಕ್ಕಳಿಗೆ ಮಾವಿನ ವರ್ಷವೇ ಒಂದು ಕಾಲಪಟ್ಟಿ. ಡಿಸೆಂಬರ್, ಜನವರಿಯಲ್ಲಿ ಹೂ, ಆಮೇಲೆ ಪಿಂದೆ, ಮಾರ್ಚ್, ಏಪ್ರಿಲ್‌ನಲ್ಲಿ ಕಾಯಿ ಬಲಿಯುವುದು, ಮೇ ತಿಂಗಳಿಂದ ಜುಲೈವರೆಗೆ ಕೊಯ್ಲು, ಮಂಡಿ, ಲಾರಿ. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಎಂಟು ಮನೆ ಬರೆಯಿರಿ, ಡಿಸೆಂಬರಿನಿಂದ ಜುಲೈವರೆಗೆ ಒಂದೊಂದು ಮನೆಗೆ ಒಂದೊಂದು ತಿಂಗಳು. ಬಿಲ್ಲೆ ಎಲ್ಲಿ ಬಿತ್ತೋ ಅದು ‘ಇವತ್ತು’. ಏಪ್ರಿಲ್‌ನಲ್ಲಿ ಬಿದ್ದರೆ ಕುಂಟುತ್ತ ಹೋಗುವ ಹುಡುಗಿ ಹಿಂದಿನ ಮನೆಯಲ್ಲಿ ‘ದ ಟ್ರೀಸ್ ಫ್ಲವರ್ಡ್ ಇನ್ ಜನವರಿ’ ಎನ್ನಬೇಕು, ಬಿಲ್ಲೆಯ ಪಕ್ಕ ನಿಂತು ‘ದ ಫ್ರೂಟ್ಸ್ ಆರ್ ಗ್ರೋಯಿಂಗ್’ ಎನ್ನಬೇಕು, ಮುಂದಿನ ಮನೆಯಲ್ಲಿ ‘ವಿ ವಿಲ್ ಪಿಕ್ ದೆಮ್ ಇನ್ ಮೇ’ ಎನ್ನಬೇಕು. ವಾಕ್ಯ ತಪ್ಪಿದರೆ ಗೆರೆ ತುಳಿದಷ್ಟೇ ಔಟು.

ಮುಂದಿನ ಮಗುವಿನ ಬಿಲ್ಲೆ ಜೂನ್‌ಗೆ ಬೀಳುತ್ತದೆ. ಅದೇ ಮರ, ಅದೇ ಹೂ, ಅದೇ ಹಣ್ಣು, ವಾಕ್ಯಗಳು ಮಾತ್ರ ಬೇರೆಯಾಗುತ್ತವೆ. ‘ಆರ್ ಗ್ರೋಯಿಂಗ್’ ಎಂದದ್ದು ‘ಗ್ರೂ’ ಆಗುತ್ತದೆ, ‘ವಿಲ್ ಪಿಕ್’ ಎಂದದ್ದು ‘ಪಿಕ್ಡ್’ ಆಗುತ್ತದೆ. ಬಿಲ್ಲೆ ಡಿಸೆಂಬರ್ ಮನೆಗೇ ಬಿದ್ದರೆ ಹಿಂದಿನ ವರ್ಷದ ಫಸಲಿನ ಮಾತು ತೆಗೆಯಬೇಕು, ಅದಕ್ಕೆ ತುಸು ಹೆಚ್ಚು ಅಂಕ ಕೊಡಿ. ಇದಕ್ಕೆ ಬೇಕಾದ ಸಾಮಾನು ಒಂದು ಸೀಮೆಸುಣ್ಣ, ಒಂದು ಹೆಂಚಿನ ಚೂರು. ಎಂಟೆಂಟು ಮಕ್ಕಳಿಗೆ ಒಂದೊಂದು ಅಂಕಣ ಬರೆದರೆ ಯಾರೂ ಬಹಳ ಹೊತ್ತು ಕಾಯಬೇಕಿಲ್ಲ. ಸರದಿಗೆ ಕಾಯುತ್ತಿರುವವರೇ ತೀರ್ಪುಗಾರರಾಗಲಿ, ಔಟು ಕೊಡಬೇಕಾದರೆ ಸರಿ ವಾಕ್ಯ ಹೇಳಿಯೇ ಕೊಡಬೇಕು.

ಅಂದಹಾಗೆ, ಆಟವಾಡುತ್ತ ಕಲಿಯುವ ದಾರಿ ಈ ಸೀಮೆಗೆ ದೂರದಿಂದ ಬರಬೇಕಾದ್ದಲ್ಲ. ರಾಜ್ಯದ ಸರ್ಕಾರಿ ಶಾಲೆಗಳ ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅದಕ್ಕೆ ಮಾದರಿಯಾದದ್ದು ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳು; ಮದನಪಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಊರು. ಕಾರ್ಡು, ಹಾಡು, ಆಟದ ಆ ಕಲಿಕೆ ಮೊದಲ ಕೆಲವು ತರಗತಿಗಳಿಗೇ ಮುಗಿಯುತ್ತದೆ. ಆಮೇಲೆ ಆಡಿಸಿದರೆ ಪೋರ್ಷನ್ ಹಿಂದೆ ಬೀಳುತ್ತದೆ ಎಂಬ ಭಯ. ಹೈಸ್ಕೂಲಿನ ಮಕ್ಕಳಿಗೆ ಆಟ ಬೇಡ ಎಂದು ಯಾರು, ಯಾವಾಗ ತೀರ್ಮಾನಿಸಿದರೋ, ನನಗೆ ಇದು ಒಪ್ಪಿಗೆಯಾಗಿಲ್ಲ.

ಮುಳಬಾಗಿಲಿನ ಕಡೆ ಆಡಿಸಲು ಇನ್ನೊಂದು ಚಿಕ್ಕ ಆಟ, ಇಬ್ಬಿಬ್ಬರೇ ಆಡುವುದು, ಹತ್ತು ನಿಮಿಷ ಸಾಕು. ಬೆಂಗಳೂರಿನಿಂದ ಹೊರಟ ಬಸ್ಸು ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು ದಾಟಿ ನಂಗಲಿಗೆ ಬರುತ್ತದೆ. ಒಬ್ಬಳು ಬಸ್ಸಿನಲ್ಲಿದ್ದಾಳೆ, ಎಲ್ಲಿದ್ದಾಳೆ ಎಂದು ಚೀಟಿಯಲ್ಲಿ ಗುಟ್ಟಾಗಿ ಬರೆದುಕೊಂಡಿದ್ದಾಳೆ. ಇನ್ನೊಬ್ಬಳು ಬೆನ್ನಿಗೆ ಬೆನ್ನು ಕೊಟ್ಟು ಕೂತು ಫೋನ್ ಮಾಡಿದ ಹಾಗೆ ಕೇಳಬೇಕು. ‘ಹ್ಯಾವ್ ಯೂ ಕ್ರಾಸ್ಡ್ ನರಸಾಪುರ?’ ‘ಎಸ್, ಐ ಹ್ಯಾವ್.’ ‘ಹ್ಯಾವ್ ಯೂ ರೀಚ್ಡ್ ಮುಳಬಾಗಿಲು?’ ‘ನಾಟ್ ಯೆಟ್.’ ಮೂರು ಪ್ರಶ್ನೆಯೊಳಗೆ ಬಸ್ಸು ಎಲ್ಲಿದೆ ಎಂದು ಹಿಡಿಯಬೇಕು. ಹಬ್ಬಕ್ಕೆ ಬರುವ ಅಣ್ಣನಿಗೋ ಅಕ್ಕನಿಗೋ ಅಮ್ಮ ದಾರಿಯುದ್ದಕ್ಕೂ ಫೋನ್ ಮಾಡಿ ಕೇಳುವುದು ಇದನ್ನೇ, ‘ಕೋಲಾರ ದಾಟಿದ್ದೀಯೇನೋ?’ ಪ್ರೆಸೆಂಟ್ ಪರ್ಫೆಕ್ಟಿಗೆ ಇದಕ್ಕಿಂತ ಸಹಜವಾದ ಸಂದರ್ಭ ನಾನು ಯಾವ ಪುಸ್ತಕ ಹುಡುಕಿದರೂ ಕಂಡಿಲ್ಲ. ಮಾಲೂರಿನ ಕಾರ್ಖಾನೆ, ಇಟ್ಟಿಗೆಗೂಡುಗಳ ಕೆಲಸಕ್ಕೆ ಹೊರಗಿನಿಂದ ಬಂದ ಮನೆಗಳ ಮಕ್ಕಳು ಇರುವ ತರಗತಿಗೂ ಇದು ಒಗ್ಗುತ್ತದೆ, ಯಾಕೆಂದರೆ ಇಲ್ಲಿ ಕನ್ನಡದ ಹೋಲಿಕೆಯ ಆಸರೆ ಬೇಕಿಲ್ಲ, ಬೋರ್ಡಿನ ಮೇಲೆ ಒಂದು ರಸ್ತೆಯ ಚಿತ್ರ ಸಾಕು.

ಹಲವು ಮಾತು ಬೆರೆತ ತರಗತಿಯನ್ನು ತೊಡಕು ಎಂದು ನೋಡುವ ಅಭ್ಯಾಸ ನಮ್ಮಲ್ಲಿದೆ. ಈ ಜಿಲ್ಲೆಯ ಇಬ್ಬರನ್ನು ಇಲ್ಲಿ ನೆನೆಯಬೇಕು. 1887ರಲ್ಲಿ ಡಿ.ವಿ.ಜಿ. ಹುಟ್ಟಿದ್ದು ತೆಲುಗು, ಕನ್ನಡ ಬೆರೆತ ಮುಳಬಾಗಿಲಿನಲ್ಲಿ. ಕಾಲೇಜು ಓದಿದವರಲ್ಲ, ಆದರೂ ಬೆಂಗಳೂರಿನಲ್ಲಿ ಇಂಗ್ಲಿಷ್ ಪತ್ರಿಕೆ ನಡೆಸಿದರು. 1891ರಲ್ಲಿ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಮದ್ರಾಸಿನಲ್ಲಿ ಓದಿದ ಎಂ.ಎ. ಇಂಗ್ಲಿಷಿನದು. ಇಬ್ಬರೂ ಕನ್ನಡದಲ್ಲಿ ಬರೆದದ್ದು ಎಂಥದ್ದು ಎಂದು ಕನ್ನಡಿಗರಿಗೆ ಹೇಳಬೇಕಿಲ್ಲ. ಮೂರು ಮಾತಿನ ನಡುವೆ ಬೆಳೆಯುವ ಮಗು ಕಾಲವನ್ನು ಮೂರು ರೀತಿಯಲ್ಲಿ ಹೇಳಲು ಆಗಲೇ ಬಲ್ಲದು. ನಾಲ್ಕನೆಯ ರೀತಿಯನ್ನು ಕಲಿಸುವವರು ಹಿಂದಿನ ಮೂರನ್ನು ಮರೆಸಲು ಹೋಗಬಾರದು.

ಆಟ ಆಡಿಸಿದರೆ ನಿಜಕ್ಕೂ ನೆನಪಿನಲ್ಲಿ ಉಳಿಯುತ್ತದೆಯೇ? ಉಳಿಯುವುದು ನೆನಪಿನಿಂದ ಹೊರಗೆ ತೆಗೆಯುವ ಕೆಲಸದಿಂದ. ಆ ಕೆಲಸವನ್ನು ಬೇಸರವಿಲ್ಲದೆ ಮಾಡಿಸುವುದಷ್ಟೇ ಆಟದ ಪಾತ್ರ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಗದ್ಯಭಾಗ ಓದಲು ಕೊಟ್ಟರು. ಒಂದನ್ನು ಅವರು ಇನ್ನೊಮ್ಮೆ ಓದಿದರು, ಇನ್ನೊಂದನ್ನು ಒಮ್ಮೆ ಓದಿದ ಮೇಲೆ ಅದನ್ನು ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದವರಲ್ಲಿ ಎರಡು ಸಲ ಓದಿದ್ದೇ ಮುಂದಿತ್ತು, ನೂರಕ್ಕೆ 81, ಬರೆದದ್ದು 75. ಒಂದು ವಾರದ ನಂತರ ಪರೀಕ್ಷಿಸಿದವರಲ್ಲಿ ಎರಡು ಸಲ ಓದಿದ್ದು 42ಕ್ಕೆ ಇಳಿದಿತ್ತು, ನೆನಪಿನಿಂದ ಬರೆದದ್ದು 56ರಲ್ಲಿತ್ತು. ಅದು ವ್ಯಾಕರಣದ ಪ್ರಯೋಗವಲ್ಲ, ನಿಜ. ಆದರೆ ಚಾರ್ಟನ್ನು ಮತ್ತೆ ಓದಿಸಿ ಅದನ್ನೇ ರಿವಿಷನ್ ಎನ್ನುವ ನಮ್ಮ ರೂಢಿಗೆ ಅಲ್ಲೊಂದು ಉತ್ತರವಿದೆ. ಮತ್ತೆ ಓದಿಸಿದ ಸಂಜೆ ಮಕ್ಕಳಿಗೆ ಎಲ್ಲ ಬಂದಂತೆಯೇ ಕಾಣುತ್ತದೆ, ವಾರ ಕಳೆದ ಮೇಲೆ ಬಂದಿರುವುದಿಲ್ಲ.

ಗೆದ್ದ ಮಂಡಿಗೆ ಏನು ಕೊಡಬೇಕು ಎಂಬುದು ಚಿಕ್ಕ ವಿಷಯ. ಪೆನ್ನು, ಚಾಕೊಲೇಟು ಬೇಡ, ಮುಂದಿನ ಆಟದ ವಾಕ್ಯಗಳನ್ನು ಬರೆಯುವ ಹಕ್ಕು ಅವರಿಗೆ ಇರಲಿ. ಬೇರೆಯವರು ಬೀಳುವಂಥ ತಪ್ಪು ವಾಕ್ಯ ಕಟ್ಟಬೇಕಾದರೆ ನಿಯಮ ಚೆನ್ನಾಗಿ ತಿಳಿದಿರಬೇಕು. ಗಲಾಟೆಯ ವಿಷಯದಲ್ಲಿ ಹೆಡ್‌ಮಾಸ್ಟರಿಗೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು, ಪಕ್ಕದ ತರಗತಿಯಲ್ಲಿ ಗಣಿತ ನಡೆಯುತ್ತಿದ್ದರೆ ಮಾಲು ನೋಡುವುದನ್ನು ಒಳಗೆ ಮುಗಿಸಿ ಹರಾಜಿಗೆ ಮರದ ಕೆಳಗೆ ಹೋಗಬಹುದು.

ಆಟ ಅಲ್ಲಿಗೆ ಮುಗಿಯುವುದಿಲ್ಲ. ಒಂದು ವಾರ ಬಿಟ್ಟು ಅದೇ ಪೀರಿಯಡ್‌ನ ಮೊದಲ ಐದು ನಿಮಿಷದಲ್ಲಿ, ದುಡ್ಡಿಲ್ಲದೆ, ಕೂಗಿಲ್ಲದೆ, ನಾಲ್ಕು ಹೊಸ ವಾಕ್ಯ ಬೋರ್ಡಿನ ಮೇಲೆ ಬರಲಿ. ಹಿಂದಿನ ತಪ್ಪುಗಳೇ, ಕ್ರಿಯಾಪದ ಮಾತ್ರ ಬೇರೆ. ‘ಡಿಡ್ ನಾಟ್ ಕೇಮ್’ ಇದ್ದಲ್ಲಿ ‘ಡಿಡ್ ನಾಟ್ ಸೋಲ್ಡ್’. ನಡುವೆ ಒಂದು ಸರಿ ವಾಕ್ಯವೂ ಇರಲಿ, ಎಲ್ಲವೂ ತಪ್ಪು ಎಂದು ಊಹಿಸಿ ಬರೆಯುವುದು ತಪ್ಪುತ್ತದೆ. ಈ ಸಲ ಗುಂಪಿಲ್ಲ, ಪ್ರತಿ ಮಗುವೂ ಒಬ್ಬೊಬ್ಬರೇ ಚೀಟಿಯಲ್ಲಿ ತಿದ್ದಿ ಕೊಡಬೇಕು, ಅಂಕ ಬೇಡ. ಚೀಟಿಗಳನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎಣಿಸಿ ನೋಡಿ. ನಲವತ್ತರಲ್ಲಿ ಮೂವತ್ತು ಮಕ್ಕಳು ಹಿಡಿದಿದ್ದರೆ ಆ ತಪ್ಪನ್ನು ಪಟ್ಟಿಯಿಂದ ಹೊಡೆದು ಹಾಕಿ ‘ಸಿನ್ಸ್’, ‘ಫಾರ್’ಗಳ ಕಡೆಗೆ ಹೋಗಬಹುದು. ಹಿಡಿಯದಿದ್ದರೆ ಆ ವಾಕ್ಯ ಮುಂದಿನ ಹರಾಜಿಗೆ ಇನ್ನೊಮ್ಮೆ ಬರಲಿ.